ಸಣ್ಣದು ಸಾಕು

ದಕ್ಕೆಯ ಐಸ್ ಪ್ಲಾಂಟಿನಲ್ಲಿ ಹನ್ನೊಂದು ವರ್ಷ.
ಕೈ ಇನ್ನೂ ನನ್ನದೇ ಎಂದು ತಿಳಿಯುವುದು
ಮಧ್ಯಾಹ್ನ ಎರಡರ ಮೇಲೆ
ಗಂಜಿಯ ಬಟ್ಟಲು ಹಿಡಿದಾಗ.

ಬೆಕ್ಕು ಸಾಕಬಹುದಿತ್ತು.
ಆದರೆ ಹೊಯಿಗೆಬಜಾರಿನ ಬೆಕ್ಕು
ಬೂತಾಯಿ ಬುಟ್ಟಿ ಇಳಿದ ಕಡೆ ಮನೆ ಬದಲಿಸುತ್ತದೆ.
ನಾಯಿ ಬೇಡ, ಬಾಡಿಗೆ ಕರಾರಿನಲ್ಲೇ ಬರೆದುಂಟು.
ಹಾವಿನ ಬಗ್ಗೆ ಕರಾರು ಏನೂ ಹೇಳುವುದಿಲ್ಲ.
ಬರೆದವನಿಗೆ ಅಷ್ಟು ದೂರ ತೋಚಿರಲಿಕ್ಕಿಲ್ಲ.

ವೆಲೆನ್ಸಿಯಾದ ಹಿಂದಿನ ಓಣಿ, ಮೆಲ್ರಾಯನ ಗ್ಯಾರೇಜು.
ಕಾರಿಲ್ಲ. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆ,
ಪೆಟ್ಟಿಗೆಗೊಂದು ಹಳದಿ ಬಲ್ಬು.
ಮೊದಲು ತೋರಿಸಿದ್ದು ಹೆಬ್ಬಾವು,
ಕದಳಿ ಹಣ್ಣಿನ ಬಣ್ಣ, ನನ್ನ ತೊಡೆಯ ಗಾತ್ರ.
"ಫೋಟೋಕ್ಕೆ ಒಳ್ಳೇದು" ಅಂದ.
ಎರಡನೆಯದು ಗಾಜಿಗೆ ಮೂತಿ ಹೊಡೆಯಿತು.
ನಾನು ಹಿಂದೆ ಸರಿದೆ, ಅದೂ ಸರಿಯಿತು,
ಇಬ್ಬರ ಮರ್ಯಾದೆಯೂ ಉಳಿಯಿತು.

ಕೆಳಗಿನ ಸಾಲಿನ ಕೊನೆಗೆ
ತೆಂಗಿನ ನಾರಿನ ಮೇಲೆ
ಯಾರೋ ಬಿಚ್ಚಿಟ್ಟು ಮರೆತ ಚಪ್ಪಲಿಯ ಬಾರಿನ ಹಾಗೆ
ಒಂದು.
ಕುಳ್ಳ ಬೋವಾ. ದ್ವೀಪದ್ದು.
"ಯಾವ ದ್ವೀಪ?"
"ನಮ್ಮ ಕಡಲು ಮುಗಿದ ಮೇಲೆ ಇನ್ನೊಂದು ಕಡಲು ಉಂಟಲ್ಲ, ಅಲ್ಲಿಯದು."
ತಿನ್ನಲಿಕ್ಕೆ ಕಮ್ಮಿ ಇದ್ದಲ್ಲಿ
ತಲೆಮಾರು ತಲೆಮಾರಿಗೆ ಮೈ ಇಳಿಸುತ್ತಾ ಬಂತಂತೆ,
ಇರುವ ಜಾಗಕ್ಕೆ ತಕ್ಕಷ್ಟು.
ನನಗೆ ನನ್ನ ಕೋಣೆ ನೆನಪಾಯಿತು.

"ಎಷ್ಟು ಬೆಳೆಯುತ್ತದೆ?"
"ನಿನ್ನ ಕೈಯುದ್ದ. ಮತ್ತೆ ಇಲ್ಲ."
"ಕಚ್ಚುವುದು?"
"ಹೆದರಿದರೆ ಉಂಡೆಯಾಗುತ್ತದೆ, ತಲೆ ನಡುವಿಗಿಟ್ಟು."
ಆ ಉಪಾಯ ನನಗೆ ಗೊತ್ತು.
ಹಿಂದಿನ ಬೆಂಚಿನಲ್ಲಿ ಏಳು ವರ್ಷ ಮಾಡಿದ್ದೇನೆ.

ಅಂಗೈ ಒಡ್ಡಿದೆ.
ಬಂತು. ನಾಲಿಗೆ ಆಡಿಸಿತು.
ಬೆರಳ ತುದಿಯಲ್ಲಿ ಸ್ವಲ್ಪ ಹೊತ್ತು ಯೋಚಿಸಿ
ತಿರುಗಿ ಹೋಯಿತು.
"ಕೈ ತಣ್ಣಗುಂಟು ಮಾರಾಯ, ಬಿಸಿ ಮಾಡಿಕೊಂಡು ಬಾ."

ಹೆಣ್ಣು ನೋಡಲು ಹೋದ ಮೂರು ಮನೆಯಲ್ಲೂ
"ಮತ್ತೆ ತಿಳಿಸುತ್ತೇವೆ" ಅಂದಿದ್ದರು.
ಇಷ್ಟು ನೇರ ಉತ್ತರ
ಮೊದಲು ಸಿಕ್ಕಿದ್ದು ಹಾವಿನಿಂದ.

ಎದುರಿನ ಕ್ಯಾಂಟೀನಿಗೆ ಹೋಗಿ ಎರಡು ಚಾ ಹೇಳಿದೆ.
ಕುಡಿಯಲಿಲ್ಲ. ಎರಡು ಕೈಯಲ್ಲಿ ಎರಡು ಲೋಟ,
ಹಿಡಿದು ಕೂತೆ. ಮಾಣಿ ಎರಡು ಸಲ ನೋಡಿದ.
ವಾಪಸು ಬಂದೆ. ಈ ಸಲ ಅದು
ಮಣಿಕಟ್ಟಿಗೆ ಒಂದೂವರೆ ಸುತ್ತು ಹಾಕಿ
ನಾಡಿಯ ಮೇಲೆ ಗಲ್ಲವಿಟ್ಟಿತು.
"ಇದೇ ಆಗಲಿ" ಅಂದೆ. ಆಯ್ಕೆ ಯಾರದ್ದೆಂದು
ಮೆಲ್ರಾಯ್ ಬಿಲ್ಲಿನಲ್ಲಿ ಬರೆಯಲಿಲ್ಲ.

ಪ್ಲಾಂಟಿನಲ್ಲಿ ಇಸುಬು ಕೇಳಿದ:
"ಎರಡು ತಲೆಯದ್ದಾ? ಕೋಟಿ ಸಿಗುತ್ತದಂತೆ!"
"ಒಂದೇ ತಲೆ. ಕಾಗದಪತ್ರ ಸರಿ ಉಂಟು.
ಅರಣ್ಯ ಇಲಾಖೆಗೂ ಅರ್ಜಿ ಹಾಕಿದ್ದೇನೆ."
"ಹಾಗಾದರೆ ಎಂತಕ್ಕೆ?"
ಐಸಿನ ಬಾರು ಜಾರಿ ಬಂತು, ಇಕ್ಕಳ ಹಾಕಿದೆ,
ಅಷ್ಟರಲ್ಲಿ ಅವನೂ ಮರೆತ.

ಮನೆ ಒಡತಿ ಅಪ್ಪಿಯಕ್ಕ ಹೊಸಿಲು ದಾಟಲಿಲ್ಲ.
"ಉಂದು ನಾಗೆ ಅತ್ತತ್ತಾ?"
ನಾಗ ಅಲ್ಲಕ್ಕ, ಹೆಡೆ ಇಲ್ಲ ನೋಡಿ.
"ಹಾಗಾದರೆ ಹಾಲು ಬೇಡ" ಎಂದು ನಿರಾಳವಾಗಿ ಇಳಿದರು.
ಆದರೂ ಬೆಳಗ್ಗೆ ಮೆಟ್ಟಿಲ ಮೇಲೆ
ಕೆತ್ತದ ಒಂದು ಬೊಂಡ.
ನಾನೇ ಕುಡಿದೆ. ಹಾವಿನ ಕಡೆ ನೋಡದೆ.

ತಿಂಗಳಿಗೆ ಎರಡು ಇಲಿಮರಿ, ಐಸಾದದ್ದು.
ಬೆಚ್ಚನೆ ನೀರಿನಲ್ಲಿಟ್ಟು ಕಾಯಬೇಕು.
ಬಂಗುಡೆ, ಅಂಜಲ್, ಬೊಂಡಾಸ್,
ಕೆಡದ ಹಾಗೆ ತಣ್ಣಗಿಡುವುದಷ್ಟೇ ಕಲಿತವನು ನಾನು.
ತಣ್ಣಗಿದ್ದದ್ದು ಮೆತ್ತಗಾಗುವವರೆಗೆ
ಸುಮ್ಮನೆ ಕೂರುವುದು ಈಗ ಕಲಿಯುತ್ತಿದ್ದೇನೆ.

ಕೆಲಸ ಬಿಟ್ಟು ಬಂದೊಡನೆ ಮುಚ್ಚಳ ತೆಗೆಯುವುದಿಲ್ಲ.
ಚಿಮಣಿ ದೀಪಕ್ಕೆ ಹಿಡಿದ ಹಾಗೆ
ಅದರ ಬಲ್ಬಿಗೇ ಕೈ ಹಿಡಿದು ಕೂರುತ್ತೇನೆ.
ಹತ್ತು ನಿಮಿಷ. ದೋಣಿ ತುಂಬ ಬಂದ ದಿನ ಇಪ್ಪತ್ತು.
ಅದು ನಾರಿನೊಳಗಿಂದ ನೋಡುತ್ತಿರುತ್ತದೆ.
ಅದಕ್ಕೆ ರೆಪ್ಪೆಯಿಲ್ಲ,
ಅವಸರವೂ.